ಬೆಳ್ಳುಳ್ಳಿ ತಿನ್ನದ ಮನೆಗೆ ಗ್ಲುಟಾಥಯೋನ್ ಮಾತ್ರೆ ಬೇಕೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಹಿಂದಿನಿಂದಲೂ ಈರುಳ್ಳಿ, ಬೆಳ್ಳುಳ್ಳಿ ಬಳಸುವುದಿಲ್ಲ. ಗಂಧಕ ಇರುವ ಆಹಾರದಲ್ಲಿ ಬಲವಾದ ಆಂಟಿಆಕ್ಸಿಡೆಂಟ್ ಇರುತ್ತದೆ, ಅದು ಸಿಗದಿದ್ದರೆ ಲಿವರ್ ಕೆಡುತ್ತದೆ, ಬೇಗ ಮುಪ್ಪು ಬರುತ್ತದೆ ಎಂದು ಓದಿ ಗಾಬರಿಯಾಗಿದೆ. ನಾವು ಗ್ಲುಟಾಥಯೋನ್ ಮಾತ್ರೆ ಶುರು ಮಾಡಬೇಕೆ? ನನ್ನ ತಂಗಿಗೆ ಮದುವೆ ಗೊತ್ತಾಗಿದೆ, ಮೈಬಣ್ಣ ತಿಳಿಯಾಗಲೆಂದು ಅದರ ಇಂಜೆಕ್ಷನ್ ಹಾಕಿಸಿಕೊಳ್ಳುವ ಯೋಚನೆಯಲ್ಲಿದ್ದಾಳೆ. ನಮ್ಮ ಮಾವನವರು ಹೃದಯದ ತೊಂದರೆಗೆ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಊಟದಲ್ಲಿ ಬೆಳ್ಳುಳ್ಳಿ ಇಲ್ಲದಿದ್ದರೂ ಔಷಧಿ ಎಂದು ಬೆಳ್ಳುಳ್ಳಿ ಕ್ಯಾಪ್ಸೂಲ್ ತರಿಸಿಕೊಂಡಿದ್ದಾರೆ. ತೊಂದರೆ ಇದೆಯೆ?
— ಓದುಗರೊಬ್ಬರು, ಧಾರವಾಡ

ಉತ್ತರ: ಮೊದಲು ನಿಮ್ಮ ತಂಗಿಯ ವಿಷಯ ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನವಾಗಿ ನೋಡೋಣ. ಮೈಬಣ್ಣಕ್ಕೆಂದು ಗ್ಲುಟಾಥಯೋನ್ ಇಂಜೆಕ್ಷನ್ ಖಂಡಿತ ಬೇಡ. ಈ ಹುಚ್ಚು ಬಹಳ ಹರಡಿದ್ದ ಫಿಲಿಪ್ಪೀನ್ಸ್‌ನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲೇ ಜನರನ್ನು ಎಚ್ಚರಿಸಿತ್ತು. ಚರ್ಮ ಸುಲಿದುಬರುವಂಥ ತೀವ್ರ ಅಲರ್ಜಿ, ಮೂತ್ರಪಿಂಡದ ತೊಂದರೆ, ಥೈರಾಯ್ಡ್ ಏರುಪೇರು ಇವೆಲ್ಲ ಆ ಎಚ್ಚರಿಕೆಯಲ್ಲಿದ್ದವು. ಬಣ್ಣ ಬದಲಿಸಲು ವಾರವಾರ ರಕ್ತನಾಳಕ್ಕೆ ಇದನ್ನು ಏರಿಸುವುದು ಸುರಕ್ಷಿತ ಎಂದು ತೋರಿಸುವ ಸರಿಯಾದ ಪರೀಕ್ಷೆ ಯಾವುದೂ ನಡೆದಿಲ್ಲ. ಸೂಜಿ ಚುಚ್ಚುವ ಜಾಗ ಶುದ್ಧವಾಗಿಲ್ಲದಿದ್ದರೆ ಹೆಪಟೈಟಿಸ್ ಅಂಟುವ ಭಯ ಬೇರೆ. ಮಾತ್ರೆಯ ರೂಪದಲ್ಲಿ ಮಾಡಿದ ಸಣ್ಣ ಪ್ರಯೋಗಗಳಲ್ಲಿ ಬಣ್ಣದಲ್ಲಿ ಕಂಡದ್ದು ತೀರಾ ಅಲ್ಪ ವ್ಯತ್ಯಾಸ. ಮದುವೆ ಹೆಣ್ಣಿಗೆ ಬಣ್ಣದ ಒತ್ತಡ ಹೇಗೆಲ್ಲ ಬರುತ್ತದೆ ಎಂಬುದು ನನಗೆ ಗೊತ್ತಿದೆ. ಆದರೂ ದೊಡ್ಡವರಾದ ನೀವು ಆಕೆಯನ್ನು ಕೂರಿಸಿಕೊಂಡು ಇಷ್ಟನ್ನು ಹೇಳಲೇಬೇಕು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಬೆಳ್ಳುಳ್ಳಿ ತಿನ್ನದ ಕಾರಣಕ್ಕೆ ನಿಮಗೆ ಗಂಧಕದ ಕೊರತೆಯಾಗುವುದಿಲ್ಲ. ಗ್ಲುಟಾಥಯೋನ್ ನಮ್ಮ ದೇಹ ತಾನೇ ತಯಾರಿಸುವ ವಸ್ತು. ದೇಹದ ಪ್ರತಿಯೊಂದು ಜೀವಕೋಶವೂ ಅದನ್ನು ಕ್ಷಣಕ್ಷಣಕ್ಕೂ ಕಟ್ಟುತ್ತದೆ, ಬಳಸುತ್ತದೆ, ಬಳಸಿದ್ದನ್ನು ಮತ್ತೆ ಸರಿಪಡಿಸಿಕೊಳ್ಳುತ್ತದೆ. ಹೊರಗಿನಿಂದ ಮಾತ್ರೆ ನುಂಗಿ ಅದನ್ನು ಹೆಚ್ಚಿಸಲು ಹೋಗುವುದು ಬಾವಿಗೆ ಕೊಡದಿಂದ ನೀರು ಸುರಿದ ಹಾಗೆ. ಬಾವಿಯ ಮಟ್ಟ ನಿಲ್ಲುವುದು ಒಳಗಿನ ಊಟೆಯಿಂದ. ಹಾಗಾಗಿ ಕೇಳಬೇಕಾದದ್ದು ಆ ಊಟೆ ಹೇಗೆ ನಡೆಯುತ್ತದೆ, ಊಟದಿಂದ ಅದಕ್ಕೆ ಏನು ಸಲ್ಲುತ್ತದೆ ಎಂಬುದನ್ನು.

ನಾವು ಉಸಿರಾಡುವ ಆಮ್ಲಜನಕದಲ್ಲಿ ಒಂದು ಸಣ್ಣ ಪಾಲು ಪೂರ್ತಿ ನೀರಾಗದೆ ಅರ್ಧಕ್ಕೇ ನಿಂತು ಹೈಡ್ರೋಜನ್ ಪೆರಾಕ್ಸೈಡ್‌ನಂಥ ಚುರುಕು ಅಣುಗಳಾಗುತ್ತದೆ. ಗಾಯ ತೊಳೆಯಲು ನೊರೆಯುಕ್ಕುವ ದ್ರವ ಬಳಸುತ್ತಾರಲ್ಲ, ಅದೇ ಪೆರಾಕ್ಸೈಡ್. ಅದು ಜೀವಕೋಶದೊಳಗೆ ಸೇರಿಕೊಂಡರೆ ಕೊಬ್ಬಿನ ಪೊರೆ, ಪ್ರೋಟೀನು, ಡಿಎನ್‌ಎ ಯಾವುದಕ್ಕೂ ಒಳ್ಳೆಯದಲ್ಲ. ಇಂಥ ಅಣುಗಳನ್ನು ತಣಿಸುವ ವಸ್ತುವನ್ನೇ ಆಂಟಿಆಕ್ಸಿಡೆಂಟ್ ಎನ್ನುವುದು. ಗಂಧಕದ ಕೆಲಸ ಶುರುವಾಗುವುದು ಇಲ್ಲಿ. ಮೂಲವಸ್ತುಗಳ ಕೋಷ್ಟಕದಲ್ಲಿ ಗಂಧಕ ಆಮ್ಲಜನಕದ ನೇರ ಕೆಳಗಿದೆ. ಗುಣದಲ್ಲಿ ಸಂಬಂಧಿಯಾದರೂ ಅದರ ಪರಮಾಣು ದೊಡ್ಡದು, ಹೊರಸುತ್ತಿನ ಎಲೆಕ್ಟ್ರಾನುಗಳ ಮೇಲೆ ಅದರ ಹಿಡಿತ ಸಡಿಲ. ಆದ್ದರಿಂದ ಅದು ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಕೊಟ್ಟ ಮೇಲೆ ಮತ್ತೊಂದು ಗಂಧಕದ ಜೊತೆ ಕೈಹಿಡಿದು ಜೋಡಿಯಾಗಿ ನಿಲ್ಲುತ್ತದೆ. ಈ ಜೋಡಿಯನ್ನು ಬಿಡಿಸಿದರೆ ಎರಡೂ ಮೊದಲಿನ ಸ್ಥಿತಿಗೆ ಬರುತ್ತವೆ. ಕೊಟ್ಟು ಮತ್ತೆ ಪಡೆಯುವ ಈ ಗುಣದಿಂದಲೇ ಜೀವಕೋಶದೊಳಗಿನ ರಕ್ಷಣೆಯಲ್ಲಿ ಗಂಧಕಕ್ಕೆ ಇಷ್ಟು ದೊಡ್ಡ ಪಾತ್ರ ಸಿಕ್ಕಿದೆ.

ಗ್ಲುಟಾಥಯೋನ್ ಮೂರು ಅಮೈನೋ ಆಮ್ಲಗಳ, ಅಂದರೆ ಪ್ರೋಟೀನು ಕಟ್ಟುವ ಇಟ್ಟಿಗೆಗಳ, ಪುಟ್ಟ ಸರಪಳಿ: ಗ್ಲುಟಮೇಟ್, ಸಿಸ್ಟೀನ್, ಗ್ಲೈಸಿನ್. ಗಂಧಕ ಇರುವುದು ನಡುವಿನ ಸಿಸ್ಟೀನ್‌ನಲ್ಲಿ. ಯೀಸ್ಟ್‌ನಲ್ಲಿ ಇಂಥದ್ದೊಂದು ವಸ್ತು ಇದೆ ಎಂದು ಫ್ರಾನ್ಸಿನ ಜೋಸೆಫ್ ದ ರೇ-ಪಾಯ್ಯಾದ್ 1888ರಲ್ಲೇ ಗಮನಿಸಿದ್ದರು. 1921ರಲ್ಲಿ ಕೇಂಬ್ರಿಜ್‌ನ ಫ್ರೆಡರಿಕ್ ಗೌಲಂಡ್ ಹಾಪ್ಕಿನ್ಸ್ ಅದನ್ನು ಬೇರ್ಪಡಿಸಿ ಈಗಿನ ಹೆಸರಿಟ್ಟರು. ಆಗ ಅವರು ಅದರಲ್ಲಿ ಎರಡೇ ಅಮೈನೋ ಆಮ್ಲಗಳಿವೆ ಎಂದುಕೊಂಡಿದ್ದರು, ಮೂರನೆಯದು ಖಚಿತವಾದದ್ದು 1929ರ ಹೊತ್ತಿಗೆ. ಜೀವಕೋಶದೊಳಗೆ ಇದರ ಪ್ರಮಾಣ ಸ್ವಲ್ಪವೇನಲ್ಲ. ಅಣುಗಳ ಲೆಕ್ಕದಲ್ಲಿ ನಮ್ಮ ರಕ್ತದಲ್ಲಿ ಸಕ್ಕರೆ ಎಷ್ಟಿರುತ್ತದೋ ಹೆಚ್ಚುಕಡಿಮೆ ಅಷ್ಟೇ ಮಟ್ಟದಲ್ಲಿ ಜೀವಕೋಶಗಳಲ್ಲಿ ಗ್ಲುಟಾಥಯೋನ್ ಇರುತ್ತದೆ. ಲಿವರ್‌ನಲ್ಲಂತೂ ಇನ್ನೂ ಜಾಸ್ತಿ.

ಕೆಲಸ ನಡೆಯುವ ರೀತಿ ಹೀಗೆ. ಎರಡು ಗ್ಲುಟಾಥಯೋನ್ ಅಣುಗಳು ಸೇರಿ ಒಂದು ಪೆರಾಕ್ಸೈಡ್ ಅಣುವನ್ನು ನೀರು ಮಾಡುತ್ತವೆ. ಇದನ್ನು ನಡೆಸುವ ಕಿಣ್ವದಲ್ಲಿ ಗಂಧಕದ ಕೆಳಗಿನ ಮನೆಯ ಸೆಲೆನಿಯಂ ಇರುತ್ತದೆ ಎಂಬುದು 1973ರಲ್ಲಿ ತಿಳಿಯಿತು. ಕೆಲಸ ಮುಗಿದ ಮೇಲೆ ಆ ಎರಡೂ ಗಂಧಕದ ಕೈಹಿಡಿದು ಜೋಡಿಯಾಗಿ ಉಳಿಯುತ್ತವೆ. ಆಗ ಮತ್ತೊಂದು ಕಿಣ್ವ ಬಂದು ಜೋಡಿ ಬಿಡಿಸುತ್ತದೆ. ಅದಕ್ಕೆ ಬೇಕಾದ ಎಲೆಕ್ಟ್ರಾನು ಎನ್‌ಎಡಿಪಿಎಚ್ ಎಂಬ ಅಣುವಿನಿಂದ ಬರುತ್ತದೆ, ಆ ಅಣು ತನ್ನ ಎಲೆಕ್ಟ್ರಾನನ್ನು ಬಹುಪಾಲು ಪಡೆಯುವುದು ನಾವು ತಿಂದ ಅನ್ನ, ರೊಟ್ಟಿಯ ಗ್ಲೂಕೋಸ್‌ನಿಂದ. ಅಂದರೆ ಈ ಇಡೀ ರಕ್ಷಣೆ ನಡೆಯುವುದು ದಿನದ ಊಟದ ಶಕ್ತಿಯಿಂದಲೇ. ಆರೋಗ್ಯವಂತ ಜೀವಕೋಶದಲ್ಲಿ ಯಾವುದೇ ಗಳಿಗೆಯಲ್ಲಿ ನೋಡಿದರೂ ಗ್ಲುಟಾಥಯೋನ್ ಅಣುಗಳಲ್ಲಿ ಬಹುತೇಕ ಎಲ್ಲವೂ ಬಿಡಿಯಾಗಿ, ಕೆಲಸಕ್ಕೆ ಸಿದ್ಧವಾಗಿ ಇರುತ್ತವೆ. ಜೋಡಿಯಾಗಿ ಸಿಕ್ಕಿಕೊಂಡವು ಬೆರಳೆಣಿಕೆಯಷ್ಟು.

ಈ ಸರಿಪಡಿಸುವ ಕೆಲಸ ನಿಂತರೆ ಏನಾಗುತ್ತದೆ? ಅದು ನಮ್ಮ ಕರಾವಳಿಯ ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಮಂಗಳೂರಿನ ಕಡೆ ಕಾಡುವ ವೈವ್ಯಾಕ್ಸ್ ಮಲೇರಿಯಾಕ್ಕೆ ಪ್ರೈಮಾಕ್ವಿನ್ ಮಾತ್ರೆ ಕೊಡುತ್ತಾರೆ. ಜ್ವರ ಬಿಟ್ಟ ಮೇಲೂ ಲಿವರ್‌ನಲ್ಲಿ ಅಡಗಿ ಕೂತ ರೋಗಾಣುವನ್ನು ತೆಗೆಯಲು ಅದು ಬೇಕೇ ಬೇಕು. ಆದರೆ ಕೆಲವರಲ್ಲಿ ಈ ಮಾತ್ರೆ ತೆಗೆದುಕೊಂಡ ಕೆಲವೇ ದಿನಗಳಲ್ಲಿ ಮೂತ್ರ ಕಪ್ಪಾಗಿ, ಕಣ್ಣು ಹಳದಿಯಾಗಿ, ಕೆಂಪು ರಕ್ತಕಣಗಳು ಒಡೆಯತೊಡಗುತ್ತವೆ. 1950ರ ದಶಕದಲ್ಲಿ ಅಮೆರಿಕದಲ್ಲಿ ಇದರ ಬೆನ್ನುಹತ್ತಿದ ವಿಜ್ಞಾನಿಗಳಿಗೆ ಅಂಥವರ ರಕ್ತಕಣಗಳಲ್ಲಿ ಗ್ಲುಟಾಥಯೋನ್ ನಿಲ್ಲುವುದಿಲ್ಲ ಎಂಬುದು ಕಂಡಿತು. 1956ರಲ್ಲಿ ಮೂಲ ಕಾರಣ ಸಿಕ್ಕಿತು: ಎನ್‌ಎಡಿಪಿಎಚ್ ತಯಾರಿಸುವ ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಅವರಲ್ಲಿ ದುರ್ಬಲವಾಗಿತ್ತು. ಬೇರೆ ಜೀವಕೋಶಗಳಿಗೆ ಎನ್‌ಎಡಿಪಿಎಚ್ ಪಡೆಯಲು ಇತರ ದಾರಿಗಳಿವೆ, ಕೆಂಪು ರಕ್ತಕಣಕ್ಕೆ ಇದೊಂದೇ. ಬಟ್ಟೆಯ ಕಪಾಟಿನಲ್ಲಿಡುವ ನಾಫ್ತಲೀನ್ ಗುಳಿಗೆಯನ್ನು ಮಗು ಬಾಯಿಗೆ ಹಾಕಿಕೊಂಡಾಗ ರಕ್ತ ಒಡೆಯುವುದೂ ಇದೇ ದಾರಿಯಲ್ಲಿ. ಇಂಥವರಿಗೆ ಗಂಧಕ ತುಂಬಿಕೊಟ್ಟರೆ ತೊಂದರೆ ಬಗೆಹರಿಯುವುದಿಲ್ಲ. ಅವರಲ್ಲಿ ಗ್ಲುಟಾಥಯೋನ್ ತಯಾರಾಗುವುದು ನಿಂತಿಲ್ಲ, ಬಳಸಿದ್ದು ಮತ್ತೆ ಮೊದಲಿನ ಸ್ಥಿತಿಗೆ ಬರುವುದು ನಿಂತಿದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಕೊರತೆ ಇದೆ ಎಂದು ಗೊತ್ತಿದ್ದರೆ ಪ್ರತಿ ವೈದ್ಯರಿಗೂ ಮೊದಲೇ ಹೇಳಿ.

ಲಿವರ್ ಬಗ್ಗೆ ನಿಮಗಿರುವ ಭಯದಲ್ಲಿ ಸ್ವಲ್ಪ ಸತ್ಯವಿದೆ. ಅದನ್ನು ಪ್ಯಾರಾಸಿಟಮಾಲ್ ಉದಾಹರಣೆಯಿಂದ ಹೇಳುತ್ತೇನೆ, ಏಕೆಂದರೆ ಆ ಮಾತ್ರೆ ಇಲ್ಲದ ಮನೆಯಿಲ್ಲ. ನುಂಗಿದ ಪ್ಯಾರಾಸಿಟಮಾಲ್‌ನ ಹೆಚ್ಚಿನ ಪಾಲು ನಿರಪಾಯವಾಗಿ ಮೂತ್ರದಲ್ಲಿ ಹೋಗುತ್ತದೆ. ಸಣ್ಣ ಪಾಲನ್ನು ಲಿವರ್ ಒಂದು ವಿಷಕಾರಿ ಅಣುವನ್ನಾಗಿ ಮಾರ್ಪಡಿಸುತ್ತದೆ. ಅದು ಹುಟ್ಟಿದ ಕೂಡಲೇ ಗ್ಲುಟಾಥಯೋನ್ ತನ್ನ ಗಂಧಕದಿಂದ ಅದನ್ನು ಹಿಡಿದು ಕಟ್ಟಿಹಾಕಿ ಹೊರಗೆ ಸಾಗಿಸುತ್ತದೆ. ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡಾಗ ಇದು ನಮಗೆ ಗೊತ್ತೇ ಆಗದ ಹಾಗೆ ನಡೆದುಹೋಗುತ್ತದೆ. ಒಮ್ಮೆಲೇ ವಿಪರೀತ ನುಂಗಿದರೆ ಲಿವರ್‌ನ ಗ್ಲುಟಾಥಯೋನ್ ಖರ್ಚಾಗಿಬಿಡುತ್ತದೆ. 1973ರಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದ ಪ್ರಕಾರ ಶೇಕಡಾ 70ರಷ್ಟು ಖಾಲಿಯಾಗುವವರೆಗೆ ಲಿವರ್ ತಡೆದುಕೊಳ್ಳುತ್ತದೆ, ಅದನ್ನು ದಾಟಿದ ಮೇಲೆ ಆ ವಿಷ ಲಿವರ್‌ನ ಪ್ರೋಟೀನುಗಳಿಗೇ ಅಂಟಿಕೊಂಡು ಕೋಶಗಳು ಸಾಯತೊಡಗುತ್ತವೆ. ಮೊದಲ ದಿನ ರೋಗಿಗೆ ಹೊಟ್ಟೆ ತೊಳಸುವುದು ಬಿಟ್ಟರೆ ಏನೂ ಅನ್ನಿಸದಿರಬಹುದು, ಅಪಾಯ ಇರುವುದು ಅಲ್ಲೇ.

ಇಂಥ ರೋಗಿಗೆ ಆಸ್ಪತ್ರೆಯಲ್ಲಿ ಏನು ಕೊಡುತ್ತಾರೆ ಗೊತ್ತೆ? ಖಾಲಿಯಾಗಿರುವುದು ಗ್ಲುಟಾಥಯೋನ್, ಆದರೆ ಕೊಡುವುದು ಎನ್-ಅಸಿಟೈಲ್ ಸಿಸ್ಟೀನ್. ಏಕೆಂದರೆ ಇಡೀ ಗ್ಲುಟಾಥಯೋನ್ ಅಣು ಹಾಗೇ ಜೀವಕೋಶದೊಳಗೆ ಹೋಗುವುದು ಬಹಳ ಕಷ್ಟ. ಹೊರಗೇ ಕಿಣ್ವಗಳು ಅದನ್ನು ತುಂಡು ಮಾಡುತ್ತವೆ. ಸಿಸ್ಟೀನ್ ಒಳಗೆ ಹೋಗುತ್ತದೆ, ಕೋಶ ತನಗೆ ಬೇಕಾದ ಗ್ಲುಟಾಥಯೋನನ್ನು ತಾನೇ ಕಟ್ಟಿಕೊಳ್ಳುತ್ತದೆ. 1970ರ ದಶಕದಲ್ಲಿ ಎಡಿನ್‌ಬರೋದ ವೈದ್ಯರು ಇದನ್ನು ರೋಗಿಗಳಲ್ಲಿ ಯಶಸ್ವಿಯಾಗಿ ಬಳಸಿ ತೋರಿಸಿದರು. ಪ್ಯಾರಾಸಿಟಮಾಲ್ ನುಂಗಿದ ಎಂಟು ಗಂಟೆಯೊಳಗೆ ಶುರು ಮಾಡಿದರೆ ಲಿವರ್ ಬಹುತೇಕ ಉಳಿಯುತ್ತದೆ, ಈಗ ಇದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಕಫ ಕರಗಿಸಲು ನೀರಿನಲ್ಲಿ ನೊರೆಯೆಬ್ಬಿಸಿ ಕುಡಿಯುವ ಮಾತ್ರೆ ಕೊಡುತ್ತಾರಲ್ಲ, ಅದರಲ್ಲಿರುವುದೂ ಇದೇ ವಸ್ತು. ಕಫವನ್ನು ಅಂಟಾಗಿಸುವ ಗಂಧಕದ ಜೋಡಿಗಳನ್ನು ಅದು ಬಿಡಿಸುತ್ತದೆ. ಜೀವ ಹೋಗುವ ಹೊತ್ತಿನಲ್ಲೂ ವೈದ್ಯರು ಕಚ್ಚಾವಸ್ತು ಕೊಟ್ಟು ಉಳಿದದ್ದನ್ನು ದೇಹಕ್ಕೆ ಬಿಡುತ್ತಾರೆ ಎಂಬುದನ್ನು ನೀವು ಗಮನಿಸಬೇಕು.

ಮಾತ್ರೆಯ ಗ್ಲುಟಾಥಯೋನ್ ಪೂರ್ತಿ ವ್ಯರ್ಥ ಎಂದು ನಾನು ಹೇಳುವುದಿಲ್ಲ. 1992ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಒಂದೇ ಸಲಕ್ಕೆ 3 ಗ್ರಾಂ ಕುಡಿಸಿದರೂ ರಕ್ತದಲ್ಲಿ ಹೇಳಿಕೊಳ್ಳುವ ಏರಿಕೆ ಕಾಣಲಿಲ್ಲ. 2015ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಆರು ತಿಂಗಳು ದಿನವೂ ತೆಗೆದುಕೊಂಡವರ ರಕ್ತದಲ್ಲಿ ಪ್ರಮಾಣ ಹೆಚ್ಚಿತ್ತು. ಬಹುಶಃ ಕರುಳಿನಲ್ಲಿ ತುಂಡಾದ ಮಾತ್ರೆ ಸಿಸ್ಟೀನ್ ಒದಗಿಸಿರಬೇಕು. ಆದರೆ ರಕ್ತದಲ್ಲಿ ಒಂದು ಅಂಕಿ ಏರುವುದು ಬೇರೆ, ರೋಗ ಕಡಿಮೆಯಾಗುವುದು ಬೇರೆ. ಚೆನ್ನಾಗಿ ಉಂಡು ತಿಂದು ಆರೋಗ್ಯವಾಗಿರುವವರಿಗೆ ಈ ಮಾತ್ರೆಯಿಂದ ಆಯುಷ್ಯ ಹೆಚ್ಚಿದ್ದಕ್ಕಾಗಲಿ ಕಾಯಿಲೆ ತಪ್ಪಿದ್ದಕ್ಕಾಗಲಿ ಸಾಕ್ಷಿಯಿಲ್ಲ. ಸಿಸ್ಟೀನ್ ನಿಮ್ಮ ಅಡುಗೆಮನೆಯಲ್ಲಿ ಇದಕ್ಕಿಂತ ಅಗ್ಗವಾಗಿ ಸಿಗುತ್ತದೆ.

ಅಲ್ಲಿಗೇ ಬರೋಣ. ಊಟದಿಂದ ಬರುವ ಗಂಧಕದ ದೊಡ್ಡ ಪಾಲು ಎರಡು ಅಮೈನೋ ಆಮ್ಲಗಳದ್ದು: ಮಿಥಿಯೋನಿನ್ ಮತ್ತು ಸಿಸ್ಟೀನ್. ಮಿಥಿಯೋನಿನ್ ಊಟದಿಂದಲೇ ಬರಬೇಕು, ಸಿಸ್ಟೀನನ್ನು ದೇಹ ಅದರಿಂದ ಮಾಡಿಕೊಳ್ಳಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ 2007ರ ಲೆಕ್ಕದಂತೆ ಎರಡೂ ಸೇರಿ ಕಿಲೋ ತೂಕಕ್ಕೆ ದಿನಕ್ಕೆ 15 ಮಿಲಿಗ್ರಾಂ, ಅಂದರೆ 60 ಕಿಲೋ ತೂಗುವವರಿಗೆ 900 ಮಿಲಿಗ್ರಾಂ ಬೇಕು. ಮೊಟ್ಟೆ, ಮೀನು, ಮಾಂಸ ತಿನ್ನುವವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಸಸ್ಯಾಹಾರಿಗಳು ಸ್ವಲ್ಪ ಗಮನ ಕೊಡಬೇಕು, ಏಕೆಂದರೆ ಬೇಳೆಕಾಳುಗಳ ಪ್ರೋಟೀನಿನಲ್ಲಿ ಗಂಧಕದ ಅಮೈನೋ ಆಮ್ಲಗಳೇ ಕಡಿಮೆ. ಜೋಳ, ರಾಗಿ, ಅಕ್ಕಿ, ಗೋಧಿಯಲ್ಲಿ ಅವು ವಾಸಿ, ಅಲ್ಲಿ ಕಡಿಮೆ ಇರುವುದು ಲೈಸಿನ್ ಎಂಬ ಇನ್ನೊಂದು ಅಮೈನೋ ಆಮ್ಲ. ರೊಟ್ಟಿಗೆ ಬೇಳೆ ಪಲ್ಯ, ಮುದ್ದೆಗೆ ಕಾಳಿನ ಸಾರು ಜೊತೆಯಾದಾಗ ಎರಡರ ಕೊರತೆಯೂ ತುಂಬಿಕೊಳ್ಳುತ್ತದೆ. ಮೊಸರು, ಹಾಲು ನೆರವಾಗುತ್ತವೆ. ಇನ್ನು ನಿಮ್ಮ ಭಾಗದ ಎಳ್ಳು. ಎಣ್ಣೆಕಾಳುಗಳಲ್ಲಿ ಮಿಥಿಯೋನಿನ್ ವಿಷಯಕ್ಕೆ ಎಳ್ಳಿನದು ಎತ್ತಿದ ಕೈ. ಶೇಂಗಾದಲ್ಲಿ ಅಷ್ಟಿಲ್ಲ. ಸಂಕ್ರಾಂತಿಗೆ ಮಾಡುವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ವರ್ಷವಿಡೀ ಮಾಡಿ ಎಂದು ನಾನು ಹೇಳುತ್ತೇನೆ. ದಿನಾ ಶೇಂಗಾ ಚಟ್ನಿಯೇ ಆಗುತ್ತಿದ್ದರೆ ವಾರದಲ್ಲಿ ಕೆಲವು ದಿನ ಎಳ್ಳಿನ ಚಟ್ನಿಪುಡಿ ಬರಲಿ.

ಮನೆಯಲ್ಲಿ ವಯಸ್ಸಾದವರಿದ್ದರೆ ಇನ್ನೊಂದು ಮಾತು. ಅಮೆರಿಕದ ಬೇಲರ್ ವೈದ್ಯಕೀಯ ಕಾಲೇಜಿನ ರಾಜಗೋಪಾಲ್ ಶೇಖರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವೃದ್ಧರ ರಕ್ತಕಣಗಳು ಗ್ಲುಟಾಥಯೋನ್ ತಯಾರಿಸುವ ವೇಗವೇ ತಗ್ಗಿರುವುದು ಕಂಡಿತು. ಸಿಸ್ಟೀನ್ ಮತ್ತು ಗ್ಲೈಸಿನ್ ಎರಡನ್ನೂ ಕೊಟ್ಟಾಗ ಆ ವೇಗ ಮತ್ತೆ ಏರಿತು. ಅದು ಕೆಲವೇ ಜನರ ಮೇಲಿನ ಅಧ್ಯಯನ, ಅದನ್ನು ನೋಡಿ ಪುಡಿ ಕೊಳ್ಳಲು ಓಡಬೇಕಿಲ್ಲ. ಆದರೆ ನಮ್ಮ ಹಿರಿಯರ ಊಟ ವಯಸ್ಸಾದಂತೆ ಅನ್ನ-ಸಾರು, ಗಂಜಿ, ಬಿಸ್ಕತ್ತು-ಚಹಾಕ್ಕೆ ಇಳಿದುಬಿಡುವುದನ್ನು ನೋಡಿ ನನಗೆ ನಿಜಕ್ಕೂ ಬೇಸರವಾಗುತ್ತದೆ. ಹಲ್ಲಿಲ್ಲ, ಜೀರ್ಣವಾಗುವುದಿಲ್ಲ ಎಂದು ಪ್ರೋಟೀನು ಬಿಟ್ಟರೆ ಗ್ಲುಟಾಥಯೋನ್ ಕಟ್ಟಲು ದೇಹಕ್ಕೆ ಸಾಮಾನೇ ಸಿಗುವುದಿಲ್ಲ. ಮಾವನವರ ತಟ್ಟೆಯಲ್ಲಿ ಗಟ್ಟಿ ಬೇಳೆ ಎಷ್ಟಿದೆ, ಮೊಸರು ಎಷ್ಟಿದೆ ಎಂದು ಒಮ್ಮೆ ನೋಡಿ.

ಹಾಗಾದರೆ ಬೆಳ್ಳುಳ್ಳಿಗೆ ಅಷ್ಟೊಂದು ಹೆಸರು ಏಕೆ? ಇಡೀ ವಿಷಯದಲ್ಲಿ ಜನರಿಗೆ ತಪ್ಪಾಗಿ ತಿಳಿದಿರುವ ಭಾಗ ಇದು. ಬೆಳ್ಳುಳ್ಳಿಯ ಎಸಳು ಇಡಿಯಾಗಿದ್ದಾಗ ಅದರಲ್ಲಿರುವುದು ವಾಸನೆಯೇ ಇಲ್ಲದ ಅಲಿಯಿನ್. ಜಜ್ಜಿದಾಗ ಬೇರೆ ಬೇರೆ ಕಡೆ ಇದ್ದ ಅಲಿಯಿನ್ ಮತ್ತು ಅಲಿನೇಸ್ ಎಂಬ ಕಿಣ್ವ ಒಂದಾಗಿ ಕ್ಷಣಾರ್ಧದಲ್ಲಿ ಘಾಟಿನ ಅಲಿಸಿನ್ ಹುಟ್ಟುತ್ತದೆ. ಅದನ್ನು 1944ರಲ್ಲಿ ಅಮೆರಿಕದ ಕ್ಯಾವಲಿಟೊ ಮತ್ತು ಬೈಲಿ ಬೇರ್ಪಡಿಸಿದರು. ಗಿಡಕ್ಕೆ ಇದು ತನ್ನನ್ನು ಕಡಿಯಲು ಬಂದ ಹುಳದ ಮೇಲೆ ಬಿಡುವ ಅಸ್ತ್ರ. ಅಲಿಸಿನ್ ನಮ್ಮ ಗ್ಲುಟಾಥಯೋನನ್ನು ಕಂಡರೆ ಅದಕ್ಕೆ ಅಂಟಿಕೊಂಡು ಅದನ್ನೇ ಖರ್ಚು ಮಾಡುತ್ತದೆ! ಸಾಸಿವೆಯ ಘಾಟು, ಮೂಲಂಗಿಯ ಖಾರ, ಹೂಕೋಸಿನ ಜಾತಿಯಲ್ಲಿರುವ ಸಲ್ಫೊರಫೇನ್ ಕೂಡ ಹೀಗೆಯೇ. ಸ್ವತಃ ಅವು ಆಂಟಿಆಕ್ಸಿಡೆಂಟ್ ಎನ್ನಿಸಿಕೊಳ್ಳುವಂಥವಲ್ಲ, ಕೋಶವನ್ನು ಮೆಲ್ಲಗೆ ಕೆಣಕುವ ವಸ್ತುಗಳು.

ಕೆಣಕಿದ್ದರಿಂದ ಒಳ್ಳೆಯದಾಗುವುದು ಹೇಗೆ ಎಂಬುದನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪಾಲ್ ತಲಾಲೆ ಅವರ ತಂಡ ಮತ್ತು ಜಪಾನಿನ ಮಸಾಯುಕಿ ಯಾಮಾಮೊಟೊ ಅವರ ತಂಡ ಬಿಡಿಸಿ ತೋರಿಸಿದವು. ತಲಾಲೆ ತಂಡ 1992ರಲ್ಲಿ ಬ್ರೊಕೊಲಿಯಿಂದ ಸಲ್ಫೊರಫೇನ್ ತೆಗೆದು, ಅದು ದೇಹದ ರಕ್ಷಕ ಕಿಣ್ವಗಳನ್ನು ಹೆಚ್ಚಿಸುತ್ತದೆ ಎಂದಿತು. ಯಾಮಾಮೊಟೊ ತಂಡ 1999ರಲ್ಲಿ ಕೀಪ್1 ಎಂಬ ಪ್ರೋಟೀನನ್ನು ಗುರುತಿಸಿತು. ಕೀಪ್1 ಜೀವಕೋಶದ ಕಾವಲುಗಾರ, ಅದರ ಮೈಮೇಲೆ ಸಿಸ್ಟೀನ್‌ಗಳಿವೆ, ಅಂದರೆ ಮತ್ತೆ ಗಂಧಕ. ಘಾಟಿನ ಅಣು ಬಂದು ಆ ಗಂಧಕಕ್ಕೆ ತಾಗಿದಾಗ ಕೀಪ್1 ತಾನು ಹಿಡಿದಿಟ್ಟಿದ್ದ ಎನ್‌ಆರ್‌ಎಫ್2 ಎಂಬ ಇನ್ನೊಂದು ಪ್ರೋಟೀನಿನ ಮೇಲಿನ ಹಿಡಿತ ಸಡಿಲಿಸುತ್ತದೆ. ಅದು ಕೋಶಕೇಂದ್ರಕ್ಕೆ ಹೋಗಿ ನೂರಾರು ಜೀನ್‌ಗಳನ್ನು ಎಬ್ಬಿಸುತ್ತದೆ, ಗ್ಲುಟಾಥಯೋನ್ ಕಟ್ಟುವ ಕಿಣ್ವದ ಜೀನ್ ಅವುಗಳಲ್ಲೊಂದು. ಹೀಗೆ ಒಂದಿಷ್ಟು ಗ್ಲುಟಾಥಯೋನ್ ಖರ್ಚು ಮಾಡಿಸಿದ ಘಾಟೇ ಅದಕ್ಕಿಂತ ಹೆಚ್ಚು ತಯಾರಾಗುವಂತೆ ಮಾಡುತ್ತದೆ, ಮತ್ತು ಆ ಪರಿಣಾಮ ಗಂಟೆಗಟ್ಟಲೆ ಉಳಿಯುತ್ತದೆ. ಅಣು ಮೂತ್ರದಲ್ಲಿ ಹೊರಟುಹೋದ ಮೇಲೂ ಕಿಣ್ವಗಳು ಕೆಲಸ ಮಾಡುತ್ತಲೇ ಇರುತ್ತವೆ.

ಇದರಿಂದ ನಿಮಗೆ ಸಿಗುವ ಸಮಾಧಾನ ದೊಡ್ಡದು. ಈ ಕೆಣಕುವ ಕೆಲಸಕ್ಕೆ ಬೆಳ್ಳುಳ್ಳಿಯೇ ಬೇಕಾಗಿಲ್ಲ. ನಿಮ್ಮ ಮನೆಯ ಸಾಸಿವೆ, ಮೂಲಂಗಿ, ಎಲೆಕೋಸು, ಹೂಕೋಸು, ನವಿಲುಕೋಸು ಎಲ್ಲವೂ ಆ ಕೆಲಸಕ್ಕೆ ಒದಗುತ್ತವೆ. ನುಗ್ಗೆ ಕೂಡ ಸಾಸಿವೆಯ ದೂರದ ನೆಂಟ, ಎಳೆ ನುಗ್ಗೆಸೊಪ್ಪನ್ನು ಹಸಿಯಾಗಿ ಅಗಿದರೆ ನಾಲಿಗೆಗೆ ಬರುವ ಸಣ್ಣ ಖಾರ ಅದೇ ಕುಟುಂಬದ ಗಂಧಕದ್ದು. ಪರಂಗಿಹಣ್ಣಿನ ಕಪ್ಪು ಬೀಜವನ್ನು ಒಮ್ಮೆ ಕಚ್ಚಿ ನೋಡಿ, ಅಲ್ಲೂ ಸಾಸಿವೆಯ ಘಾಟೇ! ಇಂಗಿನ ವಾಸನೆಯೂ ಗಂಧಕದ್ದೇ. ಆದರೆ ನಾವು ಹಾಕುವುದು ಚಿಟಿಕೆ, ಆ ಪ್ರಮಾಣದಿಂದ ದೇಹದ ರಕ್ಷಣೆ ಹೆಚ್ಚುತ್ತದೆ ಎಂದು ನಾನು ಹೇಳಲಾರೆ. ಅದು ರುಚಿಗೆ, ಹೊಟ್ಟೆಯ ಹಿತಕ್ಕೆ ಇರಲಿ.

ಸಾಸಿವೆಯನ್ನು ಹೇಗೆ ಬಳಸುತ್ತೇವೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಒಣ ಸಾಸಿವೆ ಪುಡಿಯನ್ನು ಮೂಸಿದರೆ ಅಷ್ಟೇನೂ ಘಾಟಿರುವುದಿಲ್ಲ. ಒಂದು ಚಮಚ ಪುಡಿಗೆ ತಣ್ಣೀರು ಕಲಸಿ ಐದು ನಿಮಿಷ ಬಿಟ್ಟು ಮೂಗಿನ ಹತ್ತಿರ ತನ್ನಿ, ನೆತ್ತಿಗೇರುತ್ತದೆ. ಅದೇ ಪುಡಿಗೆ ಕುದಿಯುವ ನೀರು ಹಾಕಿದರೆ ಆ ಘಾಟು ಏಳುವುದಿಲ್ಲ. ಘಾಟನ್ನು ಬಿಡಿಸುವ ಮೈರೋಸಿನೇಸ್ ಎಂಬ ಕಿಣ್ವಕ್ಕೆ ನೀರು ಬೇಕು, ಕುದಿತ ಆಗದು. ಹಾಗಾಗಿ ಕಾದ ಎಣ್ಣೆಯಲ್ಲಿ ಚಟಪಟ ಸಿಡಿದ ಒಗ್ಗರಣೆ ಸಾಸಿವೆಯಲ್ಲಿ ಕಿಣ್ವ ಸತ್ತಿರುತ್ತದೆ, ಪರಿಮಳ ಮಾತ್ರ ಉಳಿಯುತ್ತದೆ. ಮಲೆನಾಡಿನಲ್ಲಿ, ಉತ್ತರ ಕನ್ನಡದಲ್ಲಿ ಹಸಿ ಸಾಸಿವೆಯನ್ನು ಕಾಯಿತುರಿಯ ಜೊತೆ ನುಣ್ಣಗೆ ರುಬ್ಬಿ, ಮಾವಿನಹಣ್ಣಿಗೋ ಅನಾನಸಿಗೋ ಕಲಸಿ, ಕುದಿಸದೆ ಬಡಿಸುವ ಸಾಸಿವೆ ಇದೆಯಲ್ಲ, ಅದರಲ್ಲಿ ಪೂರ್ತಿ ಘಾಟು ಜೀವಂತವಾಗಿರುತ್ತದೆ.

ಕೋಸಿನ ಪಲ್ಯಕ್ಕೂ ಇದೇ ಲೆಕ್ಕ. ಕುಕ್ಕರಿನಲ್ಲಿ ಸೀಟಿ ಹೊಡೆಸಿದರೆ ಕೋಸಿನ ಕಿಣ್ವ ಹೋಗುತ್ತದೆ, ನೀರು ಬಸಿದರೆ ಒಳಗಿನ ಗಂಧಕದ ಸಂಯುಕ್ತವೂ ಅದರೊಡನೆ ಹೋಗುತ್ತದೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಸ್ವಲ್ಪ ಬಿಡಿಸಿಕೊಡುತ್ತವೆ, ಆದರೆ ಕಡಿಮೆ. ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಹನ್ನೆರಡು ಜನರಿಗೆ ಬೇಯಿಸಿದ 200 ಗ್ರಾಂ ಬ್ರೊಕೊಲಿ ಕೊಟ್ಟರು, ಒಮ್ಮೆ ಹಾಗೇ, ಇನ್ನೊಮ್ಮೆ ಅದರ ಮೇಲೆ ಕೇವಲ 1 ಗ್ರಾಂ ಸಾಸಿವೆ ಪುಡಿ ಉದುರಿಸಿ. ಸಾಸಿವೆ ಉದುರಿಸಿದಾಗ ದೇಹಕ್ಕೆ ಸೇರಿದ ಸಲ್ಫೊರಫೇನ್ ನಾಲ್ಕು ಪಟ್ಟಿಗೂ ಹೆಚ್ಚು. ಸಾಸಿವೆಯ ಜೀವಂತ ಕಿಣ್ವ ಬೆಂದ ತರಕಾರಿಯ ಕೆಲಸವನ್ನೂ ಮಾಡಿಕೊಟ್ಟಿತು. ಅವರು ಬಳಸಿದ ಕಂದು ಸಾಸಿವೆಯ ಜಾತಿಯೇ ನಮ್ಮ ಸಾಸಿವೆ ಡಬ್ಬಿಯಲ್ಲೂ ಇರುತ್ತದೆ. ಹೂಕೋಸು, ಎಲೆಕೋಸಿನ ಪಲ್ಯ ಒಲೆಯಿಂದ ಇಳಿಸಿ ಬಿಸಿ ಸ್ವಲ್ಪ ಆರಿದ ಮೇಲೆ ಕಾಲು ಚಮಚ ಹಸಿ ಸಾಸಿವೆ ಪುಡಿ ಉದುರಿಸಿ ಕಲಸಿ. ಮೂಲಂಗಿಯನ್ನು ತುರಿದು ಮೊಸರಿಗೆ ಹಾಕುವುದಾದರೆ ತುರಿದ ಮೇಲೆ ಐದು ಹತ್ತು ನಿಮಿಷ ಬಿಡಿ.

ಬೆಳ್ಳುಳ್ಳಿ ತಿನ್ನುವ ಇತರ ಓದುಗರಿಗೂ ಇದೇ ಸಲಹೆ. 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಜಜ್ಜಿದ ಕೂಡಲೇ ಒಂದು ನಿಮಿಷ ಮೈಕ್ರೋವೇವ್‌ನಲ್ಲಿಟ್ಟ ಬೆಳ್ಳುಳ್ಳಿಯ ಕಿಣ್ವ ನಾಶವಾಯಿತು, ಜಜ್ಜಿ ಹತ್ತು ನಿಮಿಷ ಬಿಟ್ಟು ಬಿಸಿ ಮಾಡಿದಾಗ ಅದರ ಗುಣ ಸಾಕಷ್ಟು ಉಳಿಯಿತು. ಇಡಿ ಎಸಳನ್ನು ಎಣ್ಣೆಗೆ ಹಾಕಿ ಕೆಂಪಗೆ ಹುರಿದರೆ ರುಚಿ ಬರುತ್ತದೆ, ಅಲಿಸಿನ್ ಬರುವುದಿಲ್ಲ. ಬೆಳ್ಳುಳ್ಳಿ ಉಪ್ಪಿನಕಾಯಿ ಹುಳಿಗೆ ಬಿದ್ದು ನೀಲಿ ಹಸಿರಾದರೆ ಎಸೆಯಬೇಡಿ, ಅದು ಕೂಡ ಗಂಧಕದ ಸಂಯುಕ್ತಗಳು ಬಣ್ಣ ಕಟ್ಟಿಕೊಂಡದ್ದು, ಬೂಷ್ಟಲ್ಲ.

ಊಟದಿಂದಲೇ ಬರಬೇಕಾದ ಇನ್ನೊಂದು ಗಂಧಕದ ಅಣು ಇದೆ, ಎರ್ಗೊಥಯೊನೀನ್. ಇದನ್ನು ಫ್ರಾನ್ಸಿನ ಶಾರ್ಲ್ ತಾಂರೆ 1909ರಲ್ಲಿ ರೈ ಧಾನ್ಯಕ್ಕೆ ಹತ್ತುವ ಶಿಲೀಂಧ್ರದಿಂದ ತೆಗೆದರು. ಗಿಡ, ಪ್ರಾಣಿಗಳು ಇದನ್ನು ಮಾಡಲಾರವು, ಶಿಲೀಂಧ್ರಗಳು ಮತ್ತು ಕೆಲವು ಬ್ಯಾಕ್ಟೀರಿಯಾಗಳು ಮಾತ್ರ ಮಾಡುತ್ತವೆ. ಆದರೂ ನಮ್ಮ ಕರುಳು, ಮೂತ್ರಪಿಂಡ, ರಕ್ತಕಣಗಳಾಗುವ ಕೋಶಗಳಲ್ಲಿ ಇದನ್ನು ಹಿಡಿದು ಒಳಗೆ ತರುವುದಕ್ಕೆಂದೇ ಒಂದು ಪ್ರೋಟೀನು ಇದೆ ಎಂದು 2005ರಲ್ಲಿ ಜರ್ಮನಿಯಲ್ಲಿ ಪತ್ತೆಯಾಯಿತು. ಒಮ್ಮೆ ಒಳಗೆ ಬಂದದ್ದನ್ನು ದೇಹ ವಾರಗಟ್ಟಲೆ ಬಿಡುವುದಿಲ್ಲ. ದೇಹ ಇಷ್ಟು ಜತನ ಮಾಡುವ ವಸ್ತುವಿಗೆ ಮಹತ್ವದ ಕೆಲಸ ಇರಲೇಬೇಕು ಎಂದು ಅಮೆರಿಕದ ಜೀವರಸಾಯನ ವಿಜ್ಞಾನಿ ಬ್ರೂಸ್ ಏಮ್ಸ್ 2018ರಲ್ಲಿ ಇದನ್ನು ದೀರ್ಘಾಯುಷ್ಯದ ವಿಟಮಿನ್‌ಗಳ ಸಾಲಿಗೆ ಸೇರಿಸಬಹುದೆಂದರು. ಆದರೆ ಇದು ಸಿಗದೆ ಬಂದ ಕಾಯಿಲೆ ಎಂದು ಯಾವುದನ್ನೂ ಈವರೆಗೆ ಗುರುತಿಸಿಲ್ಲ. ಅಣಬೆ ತಿನ್ನುವವರಾದರೆ ಆಯಿಸ್ಟರ್ ಅಣಬೆಯಲ್ಲಿ ಇದು ಬಿಳಿ ಬಟನ್ ಅಣಬೆಗಿಂತ ಹೆಚ್ಚು, ಬೇಯಿಸಿದರೂ ಹಾಳಾಗುವುದಿಲ್ಲ. ಅಣಬೆಯೂ ಆಗದ ಮನೆಯಾದರೆ ಚಿಂತೆ ಬೇಡ, ಮಣ್ಣಿನ ಶಿಲೀಂಧ್ರಗಳಿಂದ ಕಾಳುಕಡ್ಡಿಗೂ ಅಲ್ಪಸ್ವಲ್ಪ ಸೇರಿರುತ್ತದೆ.

ಸಕ್ಕರೆ ಕಾಯಿಲೆಯವರ ಪಾದದ ಉರಿಗೆ ಬರೆದುಕೊಡುವ ಮಾತ್ರೆಗಳಲ್ಲಿ ಕಾಣುವ ಆಲ್ಫಾ ಲಿಪೋಯಿಕ್ ಆಮ್ಲವೂ ಗಂಧಕದ್ದೇ. ಅದನ್ನೂ ದೇಹ ತಾನೇ ಮಾಡಿಕೊಳ್ಳುತ್ತದೆ, ಮಾತ್ರೆ ವೈದ್ಯರು ಹೇಳಿದಾಗ ಮಾತ್ರ. ಎನರ್ಜಿ ಡ್ರಿಂಕ್ ಡಬ್ಬಿಯ ಮೇಲೆ ಬರೆದಿರುವ ಟಾರಿನ್ ಕೂಡ ಸಿಸ್ಟೀನ್‌ನಿಂದ ನಮ್ಮಲ್ಲೇ ತಯಾರಾಗುತ್ತದೆ. ಬಿಳಿ ರಕ್ತಕಣಗಳು ರೋಗಾಣುವನ್ನು ಕೊಲ್ಲಲು ಬಿಡುವ ಬ್ಲೀಚಿಂಗ್ ಪುಡಿಯಂಥ ಆಮ್ಲವನ್ನು ತಣ್ಣಗಾಗಿಸುವುದು ಅದರ ಒಂದು ಕೆಲಸ. ಅದಕ್ಕಾಗಿ ಆ ಸಿಹಿ ಡಬ್ಬಿ ಕುಡಿಯಬೇಕಿಲ್ಲ.

ಹೆಚ್ಚು ತೆಗೆದುಕೊಂಡರೆ ನಷ್ಟವೇನು ಎಂದು ನೀವು ಕೇಳಬಹುದು. ನಷ್ಟ ಇದೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಶ್ವಾಸಕೋಶದ ಗಡ್ಡೆ ಇದ್ದ ಇಲಿಗಳಿಗೆ ಇದೇ ಎನ್-ಅಸಿಟೈಲ್ ಸಿಸ್ಟೀನ್ ತಿನ್ನಿಸಿದಾಗ ಗಡ್ಡೆಗಳು ಇನ್ನೂ ಬೇಗ ಬೆಳೆದವು, 2014ರಲ್ಲಿ ಅದು ಪ್ರಕಟವಾಯಿತು. ಹುಟ್ಟಿಕೊಂಡ ಕ್ಯಾನ್ಸರ್ ಕೋಶಕ್ಕೂ ಪೆರಾಕ್ಸೈಡ್ ಶತ್ರುವೇ, ಅದಕ್ಕೂ ನಾವು ರಕ್ಷಣೆ ಕೊಟ್ಟಂತಾಯಿತು. ಜರ್ಮನಿಯಲ್ಲಿ 2009ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಗಂಧಕದ್ದಲ್ಲದಿದ್ದರೂ, ವ್ಯಾಯಾಮ ಮಾಡುವ ಯುವಕರಿಗೆ ವಿಟಮಿನ್ ಸಿ ಮತ್ತು ಇ ಮಾತ್ರೆ ಕೊಟ್ಟಾಗ ವ್ಯಾಯಾಮದಿಂದ ಇನ್ಸುಲಿನ್ ಇನ್ನೂ ಚೆನ್ನಾಗಿ ಕೆಲಸ ಮಾಡುವಂತೆ ಆಗಬೇಕಿದ್ದ ಲಾಭವೇ ತಗ್ಗಿತು. ದೇಹ ಬೆವರಿ ತನ್ನ ರಕ್ಷಣೆಯನ್ನು ಗಟ್ಟಿ ಮಾಡಿಕೊಳ್ಳಬೇಕಾದರೆ ಆ ಸ್ವಲ್ಪ ಒತ್ತಡ ಅದಕ್ಕೆ ತಾಗಬೇಕು.

ಥೈರಾಯ್ಡ್ ಇರುವವರು ಕೋಸು ತಿನ್ನಬಾರದೆ ಎಂದು ಅನೇಕರು ಕೇಳುತ್ತಾರೆ. ಅಯೋಡಿನ್ ಉಪ್ಪು ಬಳಸುವ ಮನೆಯಲ್ಲಿ ಬೇಯಿಸಿದ ಕೋಸನ್ನು ಪಲ್ಯದ ಪ್ರಮಾಣದಲ್ಲಿ ತಿಂದರೆ ತೊಂದರೆಯಿಲ್ಲ. ದಿನವೂ ಲೋಟಗಟ್ಟಲೆ ಹಸಿ ಕೋಸಿನ ರಸ ಕುಡಿಯುವುದು ಬೇಡ.

ಕೊನೆಗೆ ಮಾವನವರ ಕ್ಯಾಪ್ಸೂಲ್. ಬೆಳ್ಳುಳ್ಳಿಯ ಅಜೋಯಿನ್ ಮುಂತಾದ ಗಂಧಕದ ಅಣುಗಳು ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುವುದನ್ನು ತಡೆಯುತ್ತವೆ. ಅಡುಗೆಯಲ್ಲಿ ಬೀಳುವ ಒಂದೆರಡು ಎಸಳಿಗೆ ಹೆದರಬೇಕಿಲ್ಲ. ಆದರೆ ರಕ್ತ ತೆಳು ಮಾಡುವ ಮಾತ್ರೆಯ ಜೊತೆ ದಿನವೂ ಕ್ಯಾಪ್ಸೂಲ್ ಸೇರಿದರೆ ಒಸಡಿನಲ್ಲಿ, ಮೂಗಿನಲ್ಲಿ, ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆ ಹೆಚ್ಚುತ್ತದೆ. ಇನ್ನೂ ಶುರು ಮಾಡಿಲ್ಲದಿದ್ದರೆ ಶುರು ಮಾಡುವುದು ಬೇಡ. ಮಾಡಿದ್ದರೆ ಇವತ್ತೇ ನಿಲ್ಲಿಸಿ, ಹೃದಯದ ಮಾತ್ರೆಯನ್ನು ಮಾತ್ರ ಯಾವ ಕಾರಣಕ್ಕೂ ತಾವಾಗಿ ನಿಲ್ಲಿಸಕೂಡದು. ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಆ ಡಬ್ಬಿಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಪೊರೆಯ ಆಪರೇಷನ್ನೋ ಹಲ್ಲು ಕೀಳಿಸುವುದೋ ಇದ್ದರೆ, ಎಷ್ಟು ದಿನ ಇದನ್ನು ತೆಗೆದುಕೊಂಡಿದ್ದರು ಎಂಬುದನ್ನು ಮೊದಲೇ ತಿಳಿಸಿ. ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ, ಕಪ್ಪು ಮಲ, ನಿಲ್ಲದ ಮೂಗಿನ ರಕ್ತ ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಭೇಟಿಯವರೆಗೆ ಕಾಯದೆ ಅಂದೇ ಕರೆದುಕೊಂಡು ಹೋಗಿ.